ಮೂಲೆ ಹರಿದ ಕಾರ್ಡು

ಗೋಕಾಕದ ನಮ್ಮ ಹೆಣ್ಣುಮಕ್ಕಳ ಸಾಲಿಯ ಉತ್ಸವ ಸಮಿತಿಯವರು ಮೊನ್ನೆ ನನಗೊಂದು ಕಾಗದ ಬರೆದಿದ್ದಾರೆ. ನೆನಪಿನ ಪುಸ್ತಕ ತರುತ್ತಾರಂತೆ. ಅದರಲ್ಲಿ ನಮ್ಮ ಅಕ್ಕೋರ ಬಗ್ಗೆ ನಾನು ನಾಲ್ಕು ಒಳ್ಳೆಯ ಮಾತು ಬರೆದುಕೊಡಬೇಕಂತೆ. ನನಗೆ ತೊಂದರೆಯಾಗದಿರಲಿ ಎಂದು ತಲೆಬರಹವನ್ನು ಅವರೇ ಇಟ್ಟು ಕಳಿಸಿದ್ದಾರೆ: ‘ಮಕ್ಕಳ ಬಾಯಲ್ಲಿ ಶಾಂತಿಯ ನುಡಿ ಆಡಿಸಿದ ಗುರುಮಾತೆ’. ಓದಿ ಮೈಯೆಲ್ಲ ಉರಿಯಿತು. ಅಕ್ಕೋರು ಯಾವ ಮಗುವಿನ ಬಾಯಲ್ಲೂ ಯಾವ ನುಡಿಯನ್ನೂ ಆಡಿಸಿದವರಲ್ಲ. ಆಡಿಸಲು ಬಂದವರನ್ನು ಕಂಡರೆ ಕೆಂಡವಾಗುತ್ತಿದ್ದರು. ಅವರನ್ನು ಆ ಸಾಲಿಯಿಂದ ಓಡಿಸಿದ್ದೂ ಇದೇ ಊರು. ನಾನೂ ಅದೇ ಊರಿನವಳು. ಸಮಿತಿಗೆ ಬೇಕಾದ ನಾಲ್ಕು ಮಾತು ನನ್ನ ಕೈಯಿಂದ ಆಗುವುದಿಲ್ಲ. ನನಗೆ ಗೊತ್ತಿದ್ದನ್ನು ಬರೆಯುತ್ತೇನೆ. ಅಚ್ಚು ಹಾಕಿಸುವುದು, ಬಿಡುವುದು ಅವರಿಗೆ ಸೇರಿದ್ದು.

ಅಕ್ಕೋರು ಎಂದರೆ ನಮ್ಮ ಕಡೆ ಸಾಲಿ ಕಲಿಸುವ ಹೆಣ್ಣುಮಗಳು. ಹೆಸರು ಹಿಡಿದು ಅವರನ್ನು ಯಾರೂ ಕರೆಯುತ್ತಿರಲಿಲ್ಲ. ನಾನೂ ಇಲ್ಲಿ ಹೆಸರು ಬರೆಯುವುದಿಲ್ಲ. ಬರೆದರೆ ಸಮಿತಿಯವರು ಅದನ್ನು ಕಲ್ಲಿನ ಮೇಲೆ ಕೆತ್ತಿಸಿ ಕೈ ತೊಳೆದುಕೊಳ್ಳುತ್ತಾರೆ. ಹುಕ್ಕೇರಿ ಅವರ ತವರು. ಮದುವೆಯಾದ ಮೂರನೆಯ ವರ್ಷವೇ ಗಂಡ ತೀರಿಕೊಂಡ. ತವರಿಗೆ ಬಂದವರು ಅಣ್ಣನ ಮನೆಯಲ್ಲಿ ಒಲೆಯ ಮುಂದೆ ಕೂರಲಿಲ್ಲ. ಧಾರವಾಡಕ್ಕೆ ಹೋಗಿ ಟ್ರೇನಿಂಗ್ ಮುಗಿಸಿ, ನಮ್ಮ ಸಾಲಿಗೆ ಬಂದರು. ಆಳು ಗಿಡ್ಡ, ದನಿ ದೊಡ್ಡದು. ಹಣೆಯ ತುಂಬ ವಿಭೂತಿ, ಇಳಕಲ್ ಸೀರೆ, ಬಗಲಲ್ಲಿ ಛತ್ರಿ. ನಮ್ಮನ್ನು ಒಂದು ದಿನವೂ ಹೊಡೆಯಲಿಲ್ಲ. ಆದರೆ ಅವರ ಸಿಟ್ಟಿಗೆ ನಾವು ಬೆತ್ತಕ್ಕಿಂತ ಹೆಚ್ಚು ಅಂಜುತ್ತಿದ್ದೆವು. ಸಿಟ್ಟು ಬಂದರೆ ಮೊದಲು ಕಿವಿ ಕೆಂಪಾಗುತ್ತಿದ್ದವು. ಆಮೇಲೆ ಎದ್ದುಹೋಗಿ ಕರಿಹಲಗೆ ಒರೆಸುತ್ತಿದ್ದರು. ಅದರ ಮೇಲೆ ಏನೂ ಬರೆದಿರದಿದ್ದರೂ ಒರೆಸುತ್ತಿದ್ದರು. ಒರೆಸಿ ಮುಗಿಸಿ ನಮ್ಮ ಕಡೆ ತಿರುಗಿದರೆಂದರೆ ಯಾರ ಸರದಿಯೋ ಬಂತು ಎಂದೇ ಅರ್ಥ.

ಅವರ ಸಿಟ್ಟು ಎಂಥದೆಂದು ನಾನು ಮೊದಲು ಕಂಡದ್ದು ಸಂತೆಯ ದಿನ, ಅವರ ಬಾಡಿಗೆ ಮನೆಯ ಕಟ್ಟೆಯ ಮೇಲೆ. ಆಗ ದೊಡ್ಡ ಯುದ್ಧದ ಕಾಲ. ಸುತ್ತಲಿನ ಹಳ್ಳಿಗಳ ಗಂಡಸರು ಪಲ್ಟನ್ನಿಗೆ ಸೇರಿ ಎಲ್ಲೆಲ್ಲಿಗೋ ಹೋಗಿದ್ದರು. ಅವರ ಹೆಂಡಂದಿರು ಸಂತೆಗೆ ಬಂದಾಗ ಅಕ್ಕೋರಿಂದ ಕಾರ್ಡು ಬರೆಸಿಕೊಂಡು ಹೋಗುತ್ತಿದ್ದರು. ಕೌಜಲಗಿಯಿಂದ ಬಂದ ಒಬ್ಬ ಹೆಣ್ಣುಮಗಳು ಅಂದು ಕಟ್ಟೆಯ ತುದಿಯಲ್ಲಿ ಕೂತು ಹೇಳಿದಳು.

“ನಾವೆಲ್ಲಾರೂ ಆರಾಮ ಅದೇವಿ ಅಂತ ಬರೀರಿ ಅಕ್ಕೋರ.”

ಅಕ್ಕೋರು ಲೇಖಣಿ ಕೆಳಗಿಟ್ಟರು. “ನಿನ್ನ ಕೂಸು ಹೋಗಿ ಎಷ್ಟ ದಿನಾ ಆತು?”

“ತಿಂಗಳಾತ್ರಿ.”

“ಮತ್ತ ಯಾರ ಆರಾಮ ಅದೀರಿ?”

ಆಕೆ ಸೆರಗು ಬಾಯಿಗೆ ಒತ್ತಿಕೊಂಡಳು. “ಅಂವ ದೂರ ಅದಾನ್ರಿ. ಗಾಬರಿ ಆಗ್ತಾನ.”

“ಆಗಲಿ. ಅವನ ಕೂಸದು. ಅಂವಗ ಅಳೂ ಹಕ್ಕ ಇಲ್ಲೇನು? ನಾಳೆ ಊರಿಗೆ ಬಂದು, ಕೂಸೆಲ್ಲಿ ಅಂದ್ರ ಏನ್ ಹೇಳಾಕಿ?” ಎಂದು ಅಕ್ಕೋರು ಗದರಿದರು. ಗದರುತ್ತಲೇ ಅವರ ಕಣ್ಣೂ ತುಂಬಿದವು. ಆಮೇಲೆ ಆಕೆ ಅಳುತ್ತ ಕೂಸು ಹೋದದ್ದನ್ನು ಹೇಳಿದಳು, ಹೇಳಿದ್ದನ್ನು ಹೇಳಿದಂತೆಯೇ ಬರೆದು, ಕಾರ್ಡಿನ ಒಂದು ಮೂಲೆ ಹರಿದು ಕೊಟ್ಟರು. ಸಾವಿನ ಸುದ್ದಿಯ ಕಾರ್ಡಿಗೆ ಮೂಲೆ ಹರಿಯುವುದು ನಮ್ಮಲ್ಲಿ ವಾಡಿಕೆ. ಓದಲು ಬಾರದವರಿಗೂ ಕೈಗೆ ಬಂದ ಕೂಡಲೇ ತಿಳಿಯಲಿ ಎಂದು ಹಾಗೆ ಮಾಡುತ್ತಾರೆ. ಅಂಥ ಕಾರ್ಡನ್ನು ಹೊಸ್ತಿಲು ದಾಟಿಸುವುದಿಲ್ಲ. ಹೊರಗೆ ನಿಂತು ಓದಿ, ಅಲ್ಲೇ ಹರಿದುಹಾಕಬೇಕು.

ಯುದ್ಧ ಮುಗಿಯಿತು. ಸ್ವಾತಂತ್ರ್ಯ ಬಂತು, ದೇಶ ಎರಡಾಯಿತು. ನಾನಾಗ ಐದನೆಯ ಇಯತ್ತೆ, ಅಂದರೆ ಐದನೆಯ ತರಗತಿ. ಸಾಲಿ ಕಮಿಟಿಯಲ್ಲಿ ಒಬ್ಬ ದೊಡ್ಡ ಮನುಷ್ಯ ಇದ್ದ. ದಲಾಲಿ ವ್ಯಾಪಾರದ ಅಡತಿ ಅಂಗಡಿಯ ಧಣಿ. ಅವನ ಅಂಗಡಿಯಲ್ಲೇ ನಮ್ಮಪ್ಪ ಗುಮಾಸ್ತ, ಅವನ ಮಗಳು ನನ್ನ ತರಗತಿಯಲ್ಲೇ ಓದುತ್ತಿದ್ದಳು. ಆ ವರ್ಷದ ಬಹುಮಾನ ಸಮಾರಂಭಕ್ಕೆ ಅವನೊಂದು ಭಾಷಣ ಬರೆದು ಕಳಿಸಿದ. ಮಗು ಹೇಳಬೇಕಾದ ಭಾಷಣ. ನನ್ನ ದನಿ ಗಟ್ಟಿ ಎಂದು ನನಗೆ ಕೊಟ್ಟರು. ‘ಹಿಂದೂಸ್ತಾನ, ಪಾಕಿಸ್ತಾನಗಳ ಮಕ್ಕಳಾದ ನಾವು ಒಂದೇ ಬಳ್ಳಿಯ ಹೂಗಳು. ಹಿರಿಯರೇ, ನಮ್ಮ ಮೊರೆ ಕೇಳಿರಿ’ ಎಂದು ನಾನು ಕೈ ಎತ್ತಿ ಒದರಿದೆ. ದೊಡ್ಡ ಮನುಷ್ಯ ವೇದಿಕೆಯ ಮೇಲೆ ತನ್ನ ಮಾತಿಗೆ ತಾನೇ ಕಣ್ಣು ಒರೆಸಿಕೊಂಡ. ಜನ ಚಪ್ಪಾಳೆ ತಟ್ಟಿದರು. ಅಕ್ಕೋರು ಹಿಂದಿನ ಗೋಡೆಗೆ ಒರಗಿ ನಿಂತಿದ್ದರು. ಅವರ ಕಿವಿ ಕೆಂಪಾಗಿದ್ದನ್ನು ನಾನು ಅಲ್ಲಿಂದಲೇ ನೋಡಿದೆ.

ಮರುದಿನ ಆಟದ ಹೊತ್ತಿನಲ್ಲಿ ನಾವು ಎಂದಿನಂತೆ ಯುದ್ಧ ಆಡುತ್ತಿದ್ದೆವು. ಅರ್ಧ ಹುಡುಗಿಯರು ಹಿಂದೂಸ್ತಾನ, ಅರ್ಧ ಪಾಕಿಸ್ತಾನ. ಪಾಕಿಸ್ತಾನ ಆಗಲು ಯಾರೂ ಒಪ್ಪುತ್ತಿರಲಿಲ್ಲ. ಹಾಗಾಗಿ ದಿನಾಲೂ ಮಾಬೂಬಿಯನ್ನೇ ಪಾಕಿಸ್ತಾನ ಮಾಡುತ್ತಿದ್ದೆವು. ಟಾಂಗಾ ಹೊಡೆಯುವವನ ಮಗಳು, ಬಡಕಲು ಹುಡುಗಿ. ಅವಳ ಜೊತೆಗೆ ಚಿಕ್ಕ ಇಯತ್ತೆಯ ನಾಲ್ಕಾರು ಮಕ್ಕಳನ್ನು ತಳ್ಳಿ, ಬೇವಿನಕಾಯಿ ತೂರಿ ಹೊಡೆಯುವುದು. ಹಿಂದೂಸ್ತಾನಕ್ಕೆ ನಾನೇ ಮುಖ್ಯಸ್ಥೆ. ಅಕ್ಕೋರು ಬಂದದ್ದು ನನಗೆ ಕಾಣಲಿಲ್ಲ. ಹಿಂದಿನಿಂದ ನನ್ನ ರಟ್ಟೆ ಹಿಡಿದರು.

“ನಿನ್ನೆ ಮಂದಿ ಮುಂದ ಏನ್ ಹೇಳಿದಿ?”

“ಒಂದ ಬಳ್ಳಿ ಹೂವು ಅಂತರಿ.”

“ಇವತ್ತ ಏನ್ ಮಾಡಾಕತ್ತಿ?”

“ಯುದ್ಧಾ ಮಾಡಾಕತ್ತೇನ್ರಿ.”

“ಪಾಕಿಸ್ತಾನದಾಗ ನಿನ್ನ ಗುರ್ತಿನವರು ಯಾರದಾರ?”

“ಯಾರೂ ಇಲ್ರಿ.”

“ಗುರ್ತಿಲ್ಲದವರ ಕೂಡ ಜಗಳ ಹೆಂಗ ಮಾಡ್ತಿ? ಬಳ್ಳಿ ಹೂವು ಅಂತರ ಹೆಂಗ ಅಂತಿ? ಎರಡೂ ಸುಳ್ಳ. ಮೊದಲ ಗುರ್ತು ಮಾಡ್ಕೋರಿ. ಆಮ್ಯಾಲ ಜಗಳಾ ಆಡಬೇಕನಿಸಿದ್ರ ಆಡ್ರಿ, ನಾ ಬ್ಯಾಡ ಅನ್ನೂದಿಲ್ಲ.”

ಕರಾಚಿಯಲ್ಲಿ ಅಕ್ಕೋರಿಗೆ ಒಬ್ಬ ಗೆಳತಿ ಇದ್ದರು. ಹುಬ್ಬಳ್ಳಿಯ ಮುಸಲ್ಮಾನರ ಮನೆಯ ಹೆಣ್ಣುಮಗಳು. ಧಾರವಾಡದಲ್ಲಿ ಇಬ್ಬರೂ ಒಂದೇ ಕೋಣೆಯಲ್ಲಿದ್ದು ಕಲಿತವರು. ಕರಾಚಿಗೂ ನಮಗೂ ಒಂದೇ ಸರಕಾರ ಇದ್ದಾಗಲೇ ಅಲ್ಲಿಗೆ ಮದುವೆಯಾಗಿ ಹೋಗಿ, ಅಲ್ಲಿಯೂ ಹೆಣ್ಣುಮಕ್ಕಳ ಸಾಲಿಯಲ್ಲಿ ಕಲಿಸುತ್ತಿದ್ದರು. ನಾವು ಕನ್ನಡದಲ್ಲಿ ಬರೆದರೆ ಆ ಗೆಳತಿ ಅಲ್ಲಿನ ಹುಡುಗಿಯರಿಗೆ ಉರ್ದುವಿನಲ್ಲಿ ಓದಿ ಹೇಳುತ್ತಾರೆ, ಅವರು ಬರೆದದ್ದರ ಕೆಳಗೆ ಕನ್ನಡ ಬರೆದು ಕಳಿಸುತ್ತಾರೆ ಎಂದು ಅಕ್ಕೋರು ಹೇಳಿದರು. ಮರುದಿನ ನಮಗೆಲ್ಲ ಒಂದೊಂದು ಕಾರ್ಡು ಹಂಚಿದರು.

“ಏನ್ ಬರೀಬೇಕ್ರಿ ಅಕ್ಕೋರ?” ನಾನು ಕೇಳಿದೆ.

“ನಿನಗ ಏನ್ ಹೇಳೂದೈತಿ ಅದನ್ನ.”

“ಶಾಂತಿ ಇರಲಿ ಅಂತ ಬರೀಲೇನ್ರಿ?”

“ಶಾಂತಿ ಅಂದ್ರ ಏನಂತ ಗೊತ್ತೈತೇನು?”

“ಇಲ್ರಿ.”

“ಗೊತ್ತಿಲ್ಲದ್ದು ಬರೀಬ್ಯಾಡ.”

ಅಷ್ಟು ಹೇಳಿ, ಕಿಟಕಿಯ ಕಡೆ ಮುಖ ಮಾಡಿ ಕೂತುಬಿಟ್ಟರು. ಯಾರ ಕಾರ್ಡನ್ನೂ ಓದಲಿಲ್ಲ, ಯಾರ ತಪ್ಪನ್ನೂ ತಿದ್ದಲಿಲ್ಲ. ಇನ್ನೊಬ್ಬರ ಕಾಗದ ಓದಬಾರದು, ಅದರಲ್ಲೇನಿದೆ ಎಂದು ಕೇಳಲೂಬಾರದು ಎಂಬುದು ಅವರಿಗೆ ಪೂಜೆಯಷ್ಟೇ ಕಟ್ಟುನಿಟ್ಟು. ಓದಿದವರು ನಾವು, ಒಬ್ಬರದೊಬ್ಬರು ಕಸಿದುಕೊಂಡು. ನಾನು ಬರೆದದ್ದು ಇಷ್ಟು: ‘ನಮ್ಮ ಸಾಲಿಯಲ್ಲಿ ಯುದ್ಧದ ಆಟ ಆಡುತ್ತೇವೆ. ನಾನು ಹಿಂದೂಸ್ತಾನದ ಮುಖ್ಯಸ್ಥೆ. ಬೇವಿನಕಾಯಿಯಿಂದ ಹೊಡೆಯುತ್ತೇವೆ, ಹೆಚ್ಚು ಪೆಟ್ಟಾಗುವುದಿಲ್ಲ. ನಿಮ್ಮ ಊರಲ್ಲಿ ಬೇವಿನ ಗಿಡ ಇದೆಯೇ?’ ಗಿರಣಿಯಲ್ಲಿ ಕೆಲಸ ಮಾಡುವವನ ಮಗಳೊಬ್ಬಳು ಬರೆದಳು: ‘ನಮ್ಮ ಗಿರಣಿಯು ಗೋಕಾಕ ಫಾಲ್ಸಿನ ನೀರಿನಿಂದ ನಡೆಯುತ್ತದೆ. ಭೋಂಗಾ ಕೂಗಿದ ಕೂಡಲೇ ಅಪ್ಪ ಓಡುತ್ತಾನೆ.’ ಮಾಬೂಬಿಯ ಕಾರ್ಡಿನಲ್ಲಿ ಎರಡೇ ಸಾಲು: ‘ಇಲ್ಲಿ ದಿನಾಲೂ ನಾನೇ ಪಾಕಿಸ್ತಾನ. ಒಂದು ದಿನ ಹಿಂದೂಸ್ತಾನ ಆಗಬೇಕೆಂದು ನನಗೆ ಆಸೆ.’ ಓದಿ ನಾವು ನಕ್ಕೆವು. ಆ ನಗು ನೆನಪಾದರೆ ಇವತ್ತಿಗೂ ನನಗೆ ನನ್ನ ಕೆನ್ನೆಗೆ ಬಾರಿಸಿಕೊಳ್ಳಬೇಕೆನಿಸುತ್ತದೆ.

ಕಾರ್ಡಿನ ಮೇಲೆ ನಮ್ಮ ಮನೆಯ ವಿಳಾಸವನ್ನೇ ಬರೆಯಿಸಿದರು. ಸಾಲಿಯ ವಿಳಾಸ ಹಾಕೋಣ ಎಂದರೆ ಕೇಳಲಿಲ್ಲ. “ಬರದವರು ನೀವು. ಉತ್ತರಾ ನಿಮ್ಮ ಮನಿಗೆ ಬರಬೇಕು. ನನಗ್ಯಾಕ?” ಎಂದರು. ಈ ಒಂದು ಹಟ ಅವರಿಗೆ ಎಷ್ಟು ದುಬಾರಿಯಾಯಿತೆಂದು ಮುಂದೆ ಹೇಳುತ್ತೇನೆ.

ದೊಡ್ಡ ಮನುಷ್ಯನ ಮಗಳು ಮನೆಗೆ ಹೋಗಿ ಎಲ್ಲ ಹೇಳಿದಳು. ಅವಳದೇನೂ ತಪ್ಪಿಲ್ಲ, ಹುಡುಗಿಯರು ಮನೆಯಲ್ಲಿ ಹೇಳದೆ ಇನ್ನೆಲ್ಲಿ ಹೇಳಬೇಕು? ಆದರೆ ಅವಳಪ್ಪ ಬೆಳಗಾವಿಗೆ, ಸಾಲಿ ತಪಾಸಣೆಯ ಸಾಹೇಬರಿಗೆ ಅರ್ಜಿ ಬರೆದ. ಅಕ್ಕೋರು ಶತ್ರು ದೇಶಕ್ಕೆ ಮಕ್ಕಳ ಕೈಯಿಂದ ಗಿರಣಿಯ ಗುಟ್ಟು ಬರೆಸುತ್ತಾರಂತೆ. ಫಾಲ್ಸಿನ ನೀರಿನಿಂದ ಗಿರಣಿ ನಡೆಯುವುದು ತಾಲೂಕಿನ ಎಮ್ಮೆಗಳಿಗೂ ಗೊತ್ತಿತ್ತು. ಅದು ಗುಟ್ಟಂತೆ. ಕರಾಚಿಯಲ್ಲಿ ಅಂಥ ಸಾಲಿಯೂ ಇಲ್ಲ, ಮಕ್ಕಳೂ ಇಲ್ಲ, ಗೆಳತಿಯ ಹೆಸರಿನಲ್ಲಿ ಇನ್ಯಾರೋ ಕೂತಿದ್ದಾರೆ ಎಂದೂ ಬರೆದಿದ್ದ. ತಾನು ಬರೆದುಕೊಟ್ಟ ಶಾಂತಿಯನ್ನು ನಾವು ಒದರಿದಾಗ ಕಣ್ಣೀರು ಹಾಕಿದ ಮನುಷ್ಯ ಇವನೇ. ನಮ್ಮ ಮಾತನ್ನು ನಾವೇ ಬರೆದ ಕೂಡಲೇ ಅವನಿಗೆ ದೇಶ ಮುಳುಗಿಹೋಗುವ ಭಯ ಹುಟ್ಟಿತು. ಮಕ್ಕಳು ಮಾತಾಡಬೇಕು ಎನ್ನುವವರನ್ನು ನಾನು ಆಮೇಲೆಯೂ ಬಹಳ ಕಂಡಿದ್ದೇನೆ. ಅವರ ಜೇಬಿನಲ್ಲಿ ಭಾಷಣ ಮೊದಲೇ ತಯಾರಿರುತ್ತದೆ.

ವಿಚಾರಣೆಗೆ ಸಾಹೇಬರು ಬರುತ್ತಾರೆಂದು ಊರಲ್ಲಿ ಸುದ್ದಿಯಾಯಿತು. ಅವರು ಬರುವುದಕ್ಕೆ ನಾಲ್ಕು ದಿನ ಮೊದಲು ನನಗೆ ಕರಾಚಿಯಿಂದ ಕಾರ್ಡು ಬಂತು. ಇಡೀ ತರಗತಿಗೆ ಬಂದ ಉತ್ತರ ಅದೊಂದೇ. ಟಪಾಲಿನವ ಬಾಗಿಲಲ್ಲಿ ಕೊಟ್ಟ. ಮೇಲೆ ಉರ್ದು, ಕೆಳಗೆ ದುಂಡು ಅಕ್ಷರದ ಕನ್ನಡ. ನಾನು ಮೆಟ್ಟಿಲ ಮೇಲೇ ನಿಂತು ಗಟ್ಟಿಯಾಗಿ ಓದತೊಡಗಿದೆ. ‘ನನ್ನ ಹೆಸರು ಜುಬೇದಾ. ನಮ್ಮ ಊರಲ್ಲಿ ಬೇವಿನ ಗಿಡ ಬಹಳ ಇವೆ. ಆ ಆಟ ನಾವೂ ಆಡುತ್ತೇವೆ. ಇಲ್ಲಿ ಹಿಂದೂಸ್ತಾನ ಆಗಲು ಯಾರೂ ಒಪ್ಪುವುದಿಲ್ಲ. ಸಣ್ಣವರನ್ನು ಹಿಡಿದು ಮಾಡುತ್ತೇವೆ. ನಿಮ್ಮಲ್ಲಿ ಪಾಕಿಸ್ತಾನ ಯಾರಾಗುತ್ತಾರೆ? ಅವಳಿಗೆ...’

ಅಷ್ಟರಲ್ಲಿ ಆಯಿ ಹೊರಗೆ ಬಂದಳು. ನಮ್ಮಪ್ಪನ ತಾಯಿ. ಅವಳಿಗೆ ಓದು ಬಾರದು, ಆದರೆ ಕಾರ್ಡು ನೋಡಲು ಬರುತ್ತಿತ್ತು. ದಾರಿಯಲ್ಲಿ ಎಲ್ಲಿಯೋ ಸಿಕ್ಕು ಆ ಕಾರ್ಡಿನ ಒಂದು ಮೂಲೆ ಹರಿದುಹೋಗಿತ್ತು. ನನ್ನ ಕಾಕಾ ಮುಂಬೈಯಲ್ಲಿ ದುಡಿಯಲು ಹೋಗಿದ್ದ, ಎರಡು ತಿಂಗಳಿಂದ ಅವನ ಸುದ್ದಿ ಇರಲಿಲ್ಲ. “ಮೂಲಿ ಹರದೈತಿ! ನನ್ನ ಮಗಾ ಹೋದ್ನಲ್ಲವಾ!” ಎಂದು ಆಯಿ ಕುಸಿದಳು. ಕಾಕಾ ಅಲ್ಲ, ಇದು ಕರಾಚಿಯದು ಎಂದು ನಾನು ಕೂಗುತ್ತಿದ್ದೆ. ಯಾರು ಕೇಳಬೇಕು? ಓಣಿಯ ಹೆಂಗಸರು ಓಡಿಬಂದರು. ಆಯಿ ಹಾಡಿಕೊಂಡು ಅಳುತ್ತ ನನ್ನ ಕೈಯಿಂದ ಕಾರ್ಡು ಕಸಿದು, ರೂಢಿಯಂತೆ ಹೊಸ್ತಿಲ ಹೊರಗೇ ಅದನ್ನು ಹರಿದು ಚೂರು ಮಾಡಿದಳು.

ಅಂಗಡಿಯಿಂದ ಅಪ್ಪ ಓಡಿಬಂದ. ನಾನು ಚೂರುಗಳನ್ನು ಆರಿಸಿ ಹೊಂದಿಸುತ್ತ ಕೂತಿದ್ದೆ. ಉರ್ದು ಅಕ್ಷರ ನೋಡಿ ಅವನಿಗೆ ತಮ್ಮ ಸತ್ತಿಲ್ಲವೆಂದು ತಿಳಿಯಿತು. ಒಂದು ಗಳಿಗೆ ಮುಖ ಅರಳಿತು, ಮರುಗಳಿಗೆಯೇ ಬಿಳಿಚಿತು. ಚೂರುಗಳನ್ನು ಬಾಚಿಕೊಂಡು ಒಳಗೆ ಹೋಗಿ ಒಲೆಗೆ ಹಾಕಿದ.

“ಕಾರ್ಡ ಬಂದಿಲ್ಲ. ಯಾರ ಕೇಳಿದ್ರೂ ಬಂದಿಲ್ಲ. ಧಣಿಗೆ ಗೊತ್ತಾದ್ರ ನಾಳೆ ನಾವೆಲ್ಲಾರೂ ಉಪಾಸ. ತಿಳೀತಿಲ್ಲೋ?”

ನನಗೆ ತಿಳಿಯಿತು.

ಸಾಹೇಬರು ಬಂದರು. ಕೆಟ್ಟವರೇನಲ್ಲ, ಬೇಗ ಮುಗಿಸಿ ಹೊರಡಬೇಕೆಂದಿದ್ದವರು. ನಮ್ಮ ತರಗತಿಯಲ್ಲೇ ಕುರ್ಚಿ ಹಾಕಿಸಿಕೊಂಡು ಕೂತು ಅಕ್ಕೋರಿಗೆ ಹೇಳಿದರು. “ನೋಡ್ರಿ ಬಾಯಾರ, ಅಲ್ಲಿಂದ ಒಂದ ಮಗು ಬರದ ಉತ್ತರಾ ತೋರಸ್ರಿ ಸಾಕು. ಇದು ಮಕ್ಕಳ ವ್ಯವಹಾರ ಅಂತ ಬರದು ಮುಗಿಸಿಬಿಡ್ತೇನಿ. ಇಲ್ಲಂದ್ರ ಅರ್ಜಿ ಖರೆ ಆಗತೈತಿ, ನನ್ನ ಕೈಯಾಗ ಏನೂ ಉಳಿಯೂದಿಲ್ಲ.”

ಅಕ್ಕೋರು ನಮ್ಮ ಕಡೆ ನೋಡಿದರು. ನನಗೆ ಕಾರ್ಡು ಬಂದದ್ದು ಅವರಿಗೆ ಗೊತ್ತಿತ್ತು. ಟಪಾಲಿನವ ಅಂದೇ ದಾರಿಯಲ್ಲಿ ಸಿಕ್ಕಿ ಹೇಳಿದ್ದ. ಇದು ನನಗೆ ಆಮೇಲೆ ತಿಳಿದದ್ದು. ನಾಲ್ಕು ದಿನವೂ ಅವರು ನನ್ನನ್ನು ಕೇಳಲಿಲ್ಲ. ನಾನೇ ತರುತ್ತೇನೆಂದು ಕಾದಿದ್ದರು. ಸಾಹೇಬರು ಒಬ್ಬೊಬ್ಬರನ್ನೇ ಎಬ್ಬಿಸಿ ಕೇಳಿದರು, ನನ್ನ ಸರದಿ ಬಂತು. ಬಾಗಿಲಲ್ಲಿ ಅಪ್ಪ ನಿಂತಿದ್ದ, ಅವನ ಪಕ್ಕದಲ್ಲಿ ಧಣಿ.

“ನಿನಗ ಉತ್ತರಾ ಬಂದೈತೇನವಾ?”

“ಇಲ್ರಿ.”

ಅಕ್ಕೋರ ಕಿವಿ ಕೆಂಪಾದವು. ಎದ್ದು ಹೋಗಿ ಕರಿಹಲಗೆ ಒರೆಸಿದರು. ಬಹಳ ಹೊತ್ತು ಒರೆಸಿದರು. ತಿರುಗಿದಾಗ ನನ್ನ ಕಡೆ ನೋಡಲಿಲ್ಲ, ಬಾಗಿಲಲ್ಲಿ ನಿಂತ ಅಪ್ಪನನ್ನು ನೋಡಿದರು.

“ಬೇಕಾದ್ರ ಟಪಾಲಿನವನ್ನ ಕರಸಲೇನ್ರಿ?” ಸಾಹೇಬರು ಕೇಳಿದರು.

“ಬ್ಯಾಡ್ರಿ. ಹುಡುಗಿ ಹೇಳಿದ್ದ ಬರ್ಕೋರಿ.”

ಅಕ್ಕೋರಿಗೆ ಮೂಡಲಗಿಗೆ ವರ್ಗವಾಯಿತು. ಅವರಿಗಿಂತ ಮೊದಲು ಸುದ್ದಿ ಅಲ್ಲಿಗೆ ಮುಟ್ಟಿತ್ತು. ಪಾಕಿಸ್ತಾನದ ಬಾಯಿ ಬಂದಾಳ ಎಂದು ಅಲ್ಲಿನವರು ಹೆಣ್ಣುಮಕ್ಕಳನ್ನು ಸಾಲಿಗೆ ಕಳಿಸಲಿಲ್ಲ. ಅಕ್ಕೋರು ದಿನಾಲೂ ಹೊತ್ತಿಗೆ ಸರಿಯಾಗಿ ಬಾಗಿಲು ತೆರೆದು, ಹಾಜರಿ ಪುಸ್ತಕ ಬಿಡಿಸಿ, ಖಾಲಿ ಕೋಣೆಯಲ್ಲಿ ಸಂಜೆಯವರೆಗೆ ಕೂತು ಎದ್ದುಬರುತ್ತಿದ್ದರಂತೆ. ಆರು ತಿಂಗಳು ಹಾಗೆ ಕಳೆದು, ರಾಜೀನಾಮೆ ಕೊಟ್ಟು ಹುಕ್ಕೇರಿಗೆ ಹೋದರು. ಇತ್ತ ಮಾಬೂಬಿಯನ್ನು ಅವಳಪ್ಪ ಸಾಲಿ ಬಿಡಿಸಿದ. ನಮ್ಮ ಯುದ್ಧದ ಆಟ ನಿಂತುಹೋಯಿತು. ಬುದ್ಧಿ ಬಂದು ನಿಲ್ಲಿಸಿದೆವು ಎಂದುಕೊಳ್ಳಬೇಡಿ, ಪಾಕಿಸ್ತಾನ ಆಗುವವರು ಯಾರೂ ಉಳಿದಿರಲಿಲ್ಲ.

ಮರುವರ್ಷ ಬೇಸಿಗೆ ಸೂಟಿಗೆ ನಾನು ಹುಕ್ಕೇರಿಗೆ ಸೋದರತ್ತೆಯ ಮನೆಗೆ ಹೋದೆ. ಎರಡು ದಿನ ಅಕ್ಕೋರ ಮನೆಯ ಮುಂದೆ ಸುಳಿದಾಡಿ, ಮೂರನೆಯ ದಿನ ಒಳಗೆ ಕಾಲಿಟ್ಟೆ. ಪಡಸಾಲೆಯಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದರು. ಬಡವಾಗಿದ್ದರು. ನನ್ನನ್ನು ನೋಡಿ, “ಬಾ. ಎತ್ತರ ಆಗೀಯಲ್ಲ,” ಎಂದರು. ನಾನು ನಿಂತಲ್ಲೇ ಅಳುತ್ತ ಎಲ್ಲ ಹೇಳಿದೆ. ಆಯಿ ಹರಿದದ್ದು, ಅಪ್ಪ ಸುಟ್ಟದ್ದು, ನಾನು ಸುಳ್ಳು ಹೇಳಿದ್ದು. ಅವರು ಮೊರದಿಂದ ಕೈ ತೆಗೆಯಲಿಲ್ಲ.

“ಗೊತ್ತೈತಿ. ಟಪಾಲಿನವ ಹೇಳಿದ್ದ. ನಿಮ್ಮಪ್ಪನ ಮಾರಿ ನೋಡಿ ಉಳಿದದ್ದೂ ಗೊತ್ತಾತು.”

“ಮತ್ತ ಟಪಾಲಿನವನ್ನ ಯಾಕ ಕರಸಲಿಲ್ರಿ?”

“ಕರಸಿದ್ರ ನನ್ನ ನೌಕರಿ ಉಳೀತಿತ್ತು, ನಿಮ್ಮಪ್ಪಂದು ಹೋಗತಿತ್ತು. ಬಿಡು ಅದನ್ನ. ಕಾರ್ಡಿನ್ಯಾಗ ಏನಿತ್ತು? ನೀನಾಗಿ ಹೇಳಾಕ ಬಂದೀ ಅ‌ಂತ ಕೇಳಾಕತ್ತೇನಿ.”

ನನಗೆ ಓದಲು ಸಿಕ್ಕ ಸಾಲುಗಳೆಲ್ಲ ಬಾಯಿಪಾಠವಾಗಿದ್ದವು. ಹೇಳಿದೆ. ಅವರು ಕಣ್ಣು ಮುಚ್ಚಿಕೊಂಡು ಕೇಳಿದರು. ಅಲ್ಲಿಯೂ ಸಣ್ಣವರನ್ನು ಹಿಡಿದು ಹಿಂದೂಸ್ತಾನ ಮಾಡುತ್ತಾರೆ ಎಂದಾಗ ಅವರ ಮುಖದಲ್ಲಿ ನಗು ಬಂದು ಹೋಯಿತು.

“ಚೊಲೋ ಬರದಾಳ ಹುಡುಗಿ. ಖರೆ ಬರದಾಳ. ನೀ ಏನಂತ ಉತ್ತರಾ ಬರದಿ?”

“ಬರದಿಲ್ರಿ ಅಕ್ಕೋರ.”

ಮೊರ ಕೆಳಗೆ ಬಿತ್ತು. ಜೋಳವೆಲ್ಲ ಚೆಲ್ಲಿತು. ಒರೆಸಲು ಅಲ್ಲಿ ಕರಿಹಲಗೆ ಇರಲಿಲ್ಲ, ಎದ್ದು ನಿಂತುಬಿಟ್ಟರು.

“ಬರದ ಇಲ್ಲ? ನಿಮ್ಮಪ್ಪ ಸುಟ್ಟ. ಅಂವಗ ಹೊಟ್ಟಿ ಚಿಂತಿ. ಸಾಹೇಬರ ಮುಂದ ನೀ ಸುಳ್ಳ ಹೇಳಿದಿ. ಅಪ್ಪ ನಿಂತಿದ್ದ, ಅಂಜಿದಿ. ನನ್ನ ನೌಕರಿ ಹೋತು, ಹೋಗ್ಲಿ. ಆದ್ರ ಆ ಹುಡುಗಿ ನಿನಗೇನ್ ಮಾಡಿದ್ಲು? ನೀ ಕೇಳಿದ್ದಕ್ಕ ಹೇಳಿದ್ಲು. ತಾನೂ ಒಂದ ಮಾತ ಕೇಳಿದ್ಲು. ಒಂದ ವರ್ಷ ಆತು. ಟಪಾಲಿನವ ಬರೂ ಹೊತ್ತಿಗೆ ದಿನಾ ಬಾಗಲಾಗ ಬಂದು ನಿಂತಿರ್ತಾಳ. ಕಡೀಕ, ಅವರು ಹಂತಾವರ ಬಿಡು ಅಂತ ಒಳಗ ಹೋಗಿರ್ತಾಳ. ಇನ್ನ ಆಕಿಗೆ ಜನ್ಮದಾಗ ಯಾರ ಏನ್ ಹೇಳಿದ್ರೂ ನಂಬೂದಿಲ್ಲ. ಅರ್ಜಿ ಬರದಾವ ಇದನ್ನ ಮಾಡಲಿಲ್ಲ. ನೀ ಮಾಡಿದಿ.”

ಅಕ್ಕೋರು ಒಳಗೆ ಹೋದರು. ಒಳಗಿನಿಂದ ಒಂದು ಕಾರ್ಡು ತಂದು ನನ್ನ ಮುಂದೆ ಎಸೆದರು. ಆಚೆ ಬದಿಗೆ ಕರಾಚಿಯ ಸಾಲಿಯ ವಿಳಾಸ ಬರೆದುಕೊಟ್ಟು, ಚೆಲ್ಲಿದ ಜೋಳ ಬಾಚತೊಡಗಿದರು. ನಾನು ಏನು ಬರೆಯುತ್ತೇನೆಂದು ತಿರುಗಿಯೂ ನೋಡಲಿಲ್ಲ. ನಾನು ಬರೆದೆ: ‘ಜುಬೇದಾ, ನಿನ್ನ ಕಾರ್ಡು ಮುಟ್ಟಿತು. ಮುಟ್ಟಿಲ್ಲವೆಂದು ಹೇಳಿದ್ದೆ. ನಮ್ಮಲ್ಲಿ ಪಾಕಿಸ್ತಾನ ಆಗುತ್ತಿದ್ದವಳ ಹೆಸರು ಮಾಬೂಬಿ. ಅವಳಿಗೆ ಪೆಟ್ಟಾಗುತ್ತಿತ್ತು.’

ಹುಕ್ಕೇರಿಯ ಪೋಸ್ಟಿಗೆ ನಾನೇ ಹೋಗಿ ಅದನ್ನು ಹಾಕಿ ಬಂದೆ. ಉತ್ತರ ಬರಲಿಲ್ಲ. ಯಾಕೆ ಬರಲಿಲ್ಲ ಎಂದು ಕೇಳುವ ಬಾಯಿ ನನಗಿಲ್ಲ.